ತಲೆ ಖಾಲಿ ಅನ್ನುವವರಿಗೆ ಕೊಟ್ಟ ಹಾಳೆ

ಪರೀಕ್ಷೆಗೆ ಓದುವವರ ಬಾಯಲ್ಲಿ ಆಪ್ತಸಲಹೆಗಾರ್ತಿಯಾದ ನಾನು ಜಾಸ್ತಿ ಕೇಳುವ ಮಾತು ಇದು: "ಎಲ್ಲಾ ಓದಿದೀನಿ ಮೇಡಂ, ಬರೆಯೋಕೆ ಕೂತ್ರೆ ತಲೆ ಖಾಲಿ." ನನ್ನ ಹತ್ತಿರ ಬಂದ ಕೋಲಾರ ಕಡೆಯ ಯುವತಿಯೊಬ್ಬರದ್ದೂ ಅದೇ. (ಗುರುತು ಸಿಗುವ ವಿವರ ಬದಲಿಸಿದ್ದೇನೆ.) ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವ ಆಸೆ. ಪ್ರಬಂಧ ಪತ್ರಿಕೆ ಎಂದರೆ ಕೈ ಬೆವರುತ್ತಿತ್ತು. 3 ಗಂಟೆ, 2 ಪ್ರಬಂಧ, 250 ಅಂಕ. ಮೊದಲ ಸಾಲು ಬರೆದು, ಹೊಡೆದುಹಾಕಿ, ಮತ್ತೆ ಬರೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತಂತೆ. ಊಟ, ನಿದ್ದೆ ಸರಿಯಾಗಿತ್ತು. ಹಾಗಾಗಿ ಉಸಿರಾಟದ ಅಭ್ಯಾಸ ಬದಿಗಿಟ್ಟು ಒಂದು ಹಾಳೆ ಕೊಟ್ಟೆ.

ನಡುವೆ 'ಕೆರೆ' ಎಂದು ಬರೆದು ಸುತ್ತು ಹಾಕಿದೆ. "ಹತ್ತು ನಿಮಿಷ ಪೆನ್ ನಿಲ್ಲಬಾರದು. ಏನೂ ತೋಚದಿದ್ರೆ ಅದನ್ನೇ ಬರೀರಿ."

ಮೊದಲು ಬಂದದ್ದು ಅಂತರ್ಜಲ, ಒತ್ತುವರಿ, ಜಾಗತಿಕ ತಾಪಮಾನ. ಎಲ್ಲ ಗೈಡಿನ ಮಾತು. ಆಮೇಲೆ 'ಏನೂ ತೋಚ್ತಿಲ್ಲ' ಎರಡು ಸಲ. ಅದರ ಪಕ್ಕದಲ್ಲೇ ಸಣ್ಣಕ್ಷರದಲ್ಲಿ 'ತಾತ ನೀರುಗಂಟಿ'. ನೀರುಗಂಟಿ ಅಂದರೆ ಕೆರೆ ನೀರನ್ನು ಗದ್ದೆಗಳಿಗೆ ಹಂಚುವವರು. ಅಲ್ಲಿಂದ ಪೆನ್ ಓಡಿತು. ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗೆ ನೀರು ಬಿಡುವುದು, ಸುಗ್ಗಿಯಲ್ಲಿ ಕಣದಿಂದ ಸಿಗುತ್ತಿದ್ದ ಭತ್ತ, ಬೋರ್‌ವೆಲ್ ಬಂದ ಮೇಲೆ ತಾತನನ್ನು ಯಾರೂ ಕೇಳದಿದ್ದದ್ದು.

ಬರೆದು ಮುಗಿದ ಮೇಲೆ ಅದರ ಮೇಲೆ ಕೈ ಅಡ್ಡ ಇಟ್ಟುಕೊಂಡರು. "ಇದು ನಮ್ಮನೆ ವಿಷಯ ಮೇಡಂ. ಪ್ರಬಂಧಕ್ಕೆ ಬರಲ್ಲ."

"ಬೋರ್‌ವೆಲ್ ಬಂದಿದ್ದಕ್ಕೂ ಕೆರೇಲಿ ಹೂಳು ತುಂಬಿದ್ದಕ್ಕೂ ಸಂಬಂಧ ಇಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕೆರೆ ನೀರೇ ಬೇಡ ಅಂದ್ಮೇಲೆ ಹೂಳು ಯಾರು ಎತ್ತುತ್ತಾರೆ?"

ಆ ಮಾತನ್ನೇ ಬರೆಸಿ ಕೆಳಗೆ ಗೆರೆ ಎಳೆಸಿದೆ. ಅದಕ್ಕೆ ಹೊಂದುವ ಅಂಶಗಳಿಗೆ ಮಾತ್ರ 1, 2, 3 ಎಂದು ಹಾಕಿ ಉಳಿದದ್ದನ್ನು ಹೊಡೆಯಲು ಹೇಳಿದೆ. ಜಾಗತಿಕ ತಾಪಮಾನವನ್ನು ಬಿಡಲು ಮನಸ್ಸೇ ಬರಲಿಲ್ಲ!

ನಾನು ಕೊಟ್ಟ ಸಲಹೆ ಇಷ್ಟು. ಒಂದು ಪ್ರಬಂಧಕ್ಕೆ 90 ನಿಮಿಷ ಸಿಗುತ್ತದೆ, ಮೊದಲ 20 ಇದಕ್ಕಿರಲಿ. ಮೊದಲು ಸುರಿಯಿರಿ, ಆಮೇಲೆ ಆರಿಸಿ, ಕೊನೆಗೆ ಜೋಡಿಸಿ. ಸುರಿಯುವಾಗಲೇ ಆರಿಸಲು ಹೋದರೆ ಗೈಡಿನ ಮಾತಷ್ಟೇ ಉಳಿಯುತ್ತದೆ. ಚಿತ್ತು ಮಾಡಿದರೆ ಬೈಯುವ ಶಾಲೆಗಳಲ್ಲಿ ಕಲಿತವರು ನಾವು. ಮೊದಲ ಸಾಲೇ ಅಚ್ಚುಕಟ್ಟಾಗಿರಬೇಕು ಎಂಬ ಹಟ ಅಲ್ಲಿಂದಲೇ ಬಂದಿದೆ.

"ಇದು ಆಪ್ತಸಲಹೆನಾ, ಟ್ಯೂಷನ್ನಾ?" ಎಂದು ಜೊತೆಯವರು ಕೆಣಕುತ್ತಾರೆ. ಕೆಲಸದ ದಾರಿ ಗೊತ್ತಿಲ್ಲದೆ ಹುಟ್ಟಿದ ಭಯಕ್ಕೆ ಸುಮ್ನೆ ಧೈರ್ಯ ಹೇಳಿ ಕಳಿಸಿದರೆ, ಅವರು ಅದೇ ಭಯ ಹೊತ್ತು ವಾಪಸ್ ಬರುತ್ತಾರೆ. ನಿದ್ದೆಗೆಟ್ಟು ಬದುಕೇ ಬೇಡ ಎನ್ನುವವರ ವಿಷಯ ಬೇರೆ. ಅವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಡುತ್ತೇನೆ.

ಈಕೆ ತಾತ್ವಿಕ ವಿಷಯ ಬಂದರೆ ಈಗಲೂ ಪರದಾಡುತ್ತಾರೆ. ಅದಕ್ಕೆ ಹಾಳೆಯನ್ನು ಎರಡು ಭಾಗ ಮಾಡಿ, ಒಪ್ಪುವವರು ಏನಂತಾರೆ, ಒಪ್ಪದವರು ಏನಂತಾರೆ ಎಂದು ಬರೆಸುತ್ತಿದ್ದೇನೆ. ಒಪ್ಪದವರ ಕಡೆ ಇನ್ನೂ ಎರಡು ಸಾಲು ದಾಟಿಲ್ಲ.