ನಿಮ್ಮ ಲೇಖನದಲ್ಲಿ ಉಸಿರಾಟವೇ ಇಲ್ಲ

ನಮಸ್ಕಾರ.

ನ್ಯುಮೋನಿಯಾ ರೋಗಿಗಳ ರಕ್ತ ಪರೀಕ್ಷೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ. ಅದರೊಳಗೆ ಒಂದು ಒಳ್ಳೆಯ ಬರಹ ಇದೆ, ನೀವೇ ಅದನ್ನು ಐದನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಮೊದಲು ತಕರಾರು. "ಕಾಯಿಲೆ ಎಷ್ಟು ಗಂಭೀರ ಎಂಬುದನ್ನು ರಕ್ತವೇ ಹೇಳಿಬಿಡುತ್ತದೆ" ಅಂತ ಶುರು ಮಾಡಿದ್ದೀರಿ. ಆಮೇಲೆ ಸಿಆರ್‌ಪಿ, ಪ್ರೋಕ್ಯಾಲ್ಸಿಟೋನಿನ್, ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್. ಲ್ಯಾಬ್‌ನ ದರಪಟ್ಟಿ ಓದಿದ ಹಾಗಾಯಿತು. ಕೋವಿಡ್ ಕಾಲದಲ್ಲೇ ಈ ಹೆಸರುಗಳೆಲ್ಲ ಜನರ ಬಾಯಲ್ಲಿದ್ದವು. ಅವು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಅನ್ನುವುದು ಓದುಗರಿಗೆ ಬೇಕು.

ಸಿಆರ್‌ಪಿಯನ್ನೇ ತಗೊಳ್ಳಿ. ಅದೊಂದು ಪ್ರೋಟೀನ್, ತಯಾರಾಗುವುದು ಲಿವರ್‌ನಲ್ಲಿ. ಸೋಂಕಿಗೆ ಮೈ ಎಷ್ಟು ಜೋರಾಗಿ ತಿರುಗಿಬಿದ್ದಿದೆ ಅನ್ನುವುದನ್ನು ತೋರಿಸುತ್ತದೆ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕ ಎಷ್ಟು ಸೇರುತ್ತಿದೆ ಅನ್ನುವುದನ್ನಲ್ಲ. ಏರಲು ಕೆಲವು ಗಂಟೆ ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ. ಬೆಳಿಗ್ಗೆ ಜ್ವರ ಬಂದು ಸಂಜೆಗೆ ಏದುಸಿರು ಬಿಡುವವರ ಸಿಆರ್‌ಪಿ ಇನ್ನೂ ಕಡಿಮೆ ಇರಬಹುದು. ಒಂದು ಸಲದ ಅಂಕಿಗಿಂತ ಮೂರು-ನಾಲ್ಕನೇ ದಿನ ಇಳಿಯಿತೋ ಇಲ್ಲವೋ ಅನ್ನುವುದೇ ವೈದ್ಯರಿಗೆ ಜಾಸ್ತಿ ಉಪಯೋಗ. ಇದರ ಬಗ್ಗೆ ಒಂದು ಸಾಲೂ ಇಲ್ಲ. ಅಂದಹಾಗೆ, ಸಿಆರ್‌ಪಿ ಮೊದಲು ಪತ್ತೆಯಾದದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ: 1930ರಲ್ಲಿ, ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಕೈಯಲ್ಲಿ. ಇಷ್ಟು ಒಳ್ಳೆಯ ಸಂಗತಿ ಬಿಟ್ಟು "ಪ್ರಾಚೀನ ಕಾಲದಿಂದಲೂ ಮಾನವನು" ಅಂತ ಒಂದು ಪ್ಯಾರಾ ಎಳೆದಿದ್ದೀರಲ್ಲ!

ತಪ್ಪುಗಳೂ ಇವೆ. "ಬಿಳಿ ರಕ್ತಕಣ ಏರಿದಷ್ಟೂ ಅಪಾಯ" ಅಂದಿದ್ದೀರಿ. ಮೈಕ್ರೋಲೀಟರಿಗೆ 4,000ಕ್ಕಿಂತ ಕೆಳಗೆ ಇಳಿದರೂ ಅಪಾಯದ ಗುರುತೇ. "ಪ್ರೋಕ್ಯಾಲ್ಸಿಟೋನಿನ್ ಕಡಿಮೆ ಇದ್ದರೆ ಆಂಟಿಬಯಾಟಿಕ್ ಬೇಡ" ಅನ್ನುವ ಸಾಲು ತೆಗೆದೇಬಿಡಿ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಾಮಾನ್ಯವಾಗಿ ಏರುವ ಅಂಶ ಅದು, ನಿಜ. ಆದರೆ ನ್ಯುಮೋನಿಯಾ ಇದೆ ಅನ್ನುವುದು ಎಕ್ಸ್‌ರೇಯಲ್ಲೂ ಕಂಡಿದ್ದರೆ ಆ ಅಂಕಿ ನೋಡಿ ಔಷಧಿ ತಡೆಹಿಡಿಯಬೇಡಿ ಅಂತ 2019ರ ಅಮೆರಿಕದ ಮಾರ್ಗಸೂಚಿಯೇ ಹೇಳುತ್ತದೆ.

ಇನ್ನು ಕರ್ಬ್-65, ನ್ಯುಮೋನಿಯಾ ಎಷ್ಟು ಗಂಭೀರ ಅಂತ ಅಂಕ ಹಾಕಿ ಅಳೆಯುವ ವಿಧಾನ. ಐದು ಅಂಶ: ಮನಸ್ಸಿನ ಗೊಂದಲ, ಯೂರಿಯಾ, ಉಸಿರಾಟದ ವೇಗ, ಬಿಪಿ, 65 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು. ಇದರಲ್ಲಿ ರಕ್ತ ತೆಗೆಯಬೇಕಾದದ್ದು ಒಂದಕ್ಕೇ ಅಲ್ವಾ? ನಿಮ್ಮ ಮೊದಲ ಸಾಲು ಇಲ್ಲಿಗೇ ಬಿದ್ದುಹೋಯಿತು. ಯೂರಿಯಾ ಮಿತಿ 7 ಅಂತ ಸುಮ್ನೆ ಬರೆದುಬಿಟ್ಟಿದ್ದೀರಿ. ಅದು ಲೀಟರಿಗೆ ಮಿಲಿಮೋಲ್ ಲೆಕ್ಕ. ನಮ್ಮ ಲ್ಯಾಬ್‌ಗಳು ಸಾಮಾನ್ಯವಾಗಿ ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಕೊಡುತ್ತವೆ, ಅಲ್ಲಿ ಮಿತಿ ಸುಮಾರು 42. ಮನೆಯಲ್ಲಿರುವ ಹಳೇ ರಿಪೋರ್ಟ್ ತೆಗೆದು 28 ನೋಡಿದವರು ಗಾಬರಿ ಬೀಳುತ್ತಾರೆ. ಸಿಆರ್‌ಪಿಯೂ ಅಷ್ಟೆ. ಲೀಟರಿಗೆ 60 ಮಿಲಿಗ್ರಾಂ ಅಂದರೂ ಡೆಸಿಲೀಟರಿಗೆ 6 ಅಂದರೂ ಒಂದೇ. ಯೂನಿಟ್ ಇಲ್ಲದ ಅಂಕಿ ನಾನು ಅಚ್ಚು ಹಾಕುವುದಿಲ್ಲ.

ಈಗ ಐದನೇ ಪುಟ. ನಿಮ್ಮ ವಾರ್ಡಿನ ಅಕ್ಕಪಕ್ಕದ ಬೆಡ್‌ನ ಇಬ್ಬರು. ಒಬ್ಬರ ಸಿಆರ್‌ಪಿ ಲೀಟರಿಗೆ 210 ಮಿಲಿಗ್ರಾಂ, ಎದ್ದು ಕೂತು ಇಡ್ಲಿ ತಿನ್ನುತ್ತಿದ್ದರು. ಪಕ್ಕದ ಅಜ್ಜಿಯದು 60. ನರ್ಸ್ ಗಡಿಯಾರ ನೋಡುತ್ತಾ ಅಜ್ಜಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದರು: 36. ಅಜ್ಜಿಗೆ ಒಂದು ವಾಕ್ಯ ಮುಗಿಸಲು ಆಗುತ್ತಿರಲಿಲ್ಲ. ಮಣಿಕಟ್ಟಿನ ಅಪಧಮನಿಯಿಂದ ತೆಗೆದ ರಕ್ತದಲ್ಲಿ ಆಮ್ಲಜನಕದ ಒತ್ತಡ 52 ಎಂಎಂ ಪಾದರಸ. ಸಂಜೆ ಐಸಿಯುಗೆ ಹೋದರು.

ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಮತ್ತೆ ಫೆರಿಟಿನ್ ಕಡೆ ಓಡಿದ್ದೀರಿ. ಹೊರಗಿನಿಂದ ಆಮ್ಲಜನಕ ಕೊಡದಿರುವಾಗ ಈ ಒತ್ತಡ 60ಕ್ಕಿಂತ ಕೆಳಗಿದ್ದರೆ ಅದೇ ಉಸಿರಾಟದ ವೈಫಲ್ಯ. ಅಪಧಮನಿ ರಕ್ತದ ಈ ಪರೀಕ್ಷೆಗೆ (ಎಬಿಜಿ) ಒಂದು ಪುಟ ಕೊಡಿ. ಮೈಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಉಳಿಸಿಕೊಳ್ಳಿ. ಫೆರಿಟಿನ್, ಎಲ್‌ಡಿಎಚ್ ಒಂದೊಂದು ಸಾಲಿಗೆ ಸಾಕು. ಲೇಖನ ಈ ಇಬ್ಬರಿಂದಲೇ ಶುರುವಾಗಲಿ.

ಅಜ್ಜಿಯ ಊರು, ಬೆಡ್ ನಂಬರ್ ತೆಗೆಯಿರಿ. ಮನೆಯವರ ಒಪ್ಪಿಗೆ ಕೇಳಿ. ಐಸಿಯುಗೆ ಹೋದ ಮೇಲೆ ಅಜ್ಜಿ ಏನಾದರು ಅಂತ ನೀವು ಬರೆದೇ ಇಲ್ಲ. ಓದಿದವರು ಮೊದಲು ಕೇಳುವುದು ಅದನ್ನೇ.