ಪುಡಿ ತಿನ್ನುತ್ತಿದ್ದೇನೆ, ಮಾತ್ರೆ ಬಿಡಲಾ?

ಪ್ರಶ್ನೆ: ಸಾರ್, ನನಗೆ 54 ವರ್ಷ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದೇನೆ. ಎರಡು ತಿಂಗಳಿಂದ ಮಧುನಾಶಿನಿ ಪುಡಿಯನ್ನೂ ತಿನ್ನುತ್ತಿದ್ದೇನೆ, ವಾಕಿಂಗೂ ಶುರು ಮಾಡಿದ್ದೇನೆ. ಖಾಲಿ ಹೊಟ್ಟೆಯ ಶುಗರ್ 168 ಇದ್ದದ್ದು 131ಕ್ಕೆ ಬಂದಿದೆ. ‘ಇಲಿಗಳ ಮೇಲೆ ಸಾಬೀತಾಗಿದೆ’ ಎಂದು ಡಬ್ಬಿಯ ಮೇಲಿದೆ. ಈ ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಲಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಬಿಡಬೇಡಿ. ಪುಡಿ, ವಾಕಿಂಗ್ ಎರಡೂ ಒಟ್ಟಿಗೆ ಶುರುವಾಗಿವೆ, ಮಾತ್ರೆಯೂ ನಡೀತಿದೆ. ಶುಗರ್ ಇಳಿಸಿದ್ದು ಯಾವುದು ಅಂತ ಹೇಗೆ ಹೇಳೋದು?

ಇಲಿಗಳ ವಿಷಯ ನನಗೆ ಚೆನ್ನಾಗಿ ಗೊತ್ತು, ಫಾರ್ಮಕಾಲಜಿ ಮೇಷ್ಟ್ರಾಗಿದ್ದವನು. ಸ್ಟ್ರೆಪ್ಟೊಝೋಟೊಸಿನ್ ಎಂಬ ಇಂಜೆಕ್ಷನ್ ಕೊಟ್ಟರೆ ಇಲಿಯ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಸಾಯುತ್ತವೆ, ಶುಗರ್ ಏರುತ್ತದೆ. ತುದಿ ಗುಂಡಗಿರುವ ಬಾಗಿದ ಸೂಜಿಯನ್ನು ಬಾಯೊಳಗೆ ಇಳಿಸಿ ಎಲೆಯ ಸಾರ ಕುಡಿಸುತ್ತಾರೆ. ಬಾಲದ ತುದಿ ಚುಚ್ಚಿ, ಬಂದ ಹನಿಯನ್ನು ಗ್ಲುಕೋಮೀಟರ್ ಸ್ಟ್ರಿಪ್‌ಗೆ ತಾಗಿಸುತ್ತಾರೆ. ಹೋಲಿಸಿ ನೋಡೋಕೆ ಪಕ್ಕದ ಪಂಜರದಲ್ಲಿ ಅದೇ ಇಂಜೆಕ್ಷನ್ ತಗೊಂಡು, ಸಾರದ ಬದಲು ಸುಮ್ನೆ ನೀರು ಕುಡಿದ ಇಲಿಗಳೂ ಇರುತ್ತವೆ. ನಿಮ್ಮ ಲೆಕ್ಕದಲ್ಲಿ ಇಲ್ಲದ್ದು ಆ ಪಕ್ಕದ ಪಂಜರ. ಅಲ್ಲದೆ ನಿಮ್ಮ ವಯಸ್ಸಿನಲ್ಲಿ ಬರುವ ಶುಗರ್ ಸಾಮಾನ್ಯವಾಗಿ ಟೈಪ್ 2. ಅದರಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ. ಇಲಿಯದು ಬೇರೆ ಕಥೆ.

ಮನುಷ್ಯರ ಮೇಲಿನ ಪರೀಕ್ಷೆಯೇ ಬೇಕು. ನಮ್ಮ ಮರದರಿಶಿನದಲ್ಲಿರುವ ಬರ್ಬೆರಿನ್ ಅನ್ನೇ ನೋಡಿ. ಅದನ್ನು ಮೆಟ್‌ಫಾರ್ಮಿನ್ ಎದುರು ನಿಲ್ಲಿಸಿ ಚೀನಾದಲ್ಲಿ ಮಾಡಿದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಹೊಸದಾಗಿ ಶುಗರ್ ಬಂದ 36 ಜನ, ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಹಂಚಿಕೆ, ಮೂರು ತಿಂಗಳು. ಬರ್ಬೆರಿನ್ ಗುಂಪಿನ ಎಚ್‌ಬಿಎ1ಸಿ (ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಶೇಕಡಾ 9.5ರಿಂದ 7.5ಕ್ಕೆ ಇಳಿಯಿತು, ಹೆಚ್ಚುಕಮ್ಮಿ ಮೆಟ್‌ಫಾರ್ಮಿನ್‌ನಷ್ಟೇ. ಭರವಸೆ ಹುಟ್ಟಿಸುವ ಫಲವೇ. ಆದರೂ 36 ಜನರನ್ನು ನಂಬಿ ಊರಿಗೆಲ್ಲ ಔಷಧ ಬರೆಯೋಕಾಗಲ್ಲ ಅಲ್ವಾ?

ಇನ್ನು ಮಧುನಾಶಿನಿ. ಹಸಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ಮರಳು ತಿಂದಂತಾಗುತ್ತದೆ. ಅದರ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿರುಚಿಯನ್ನು ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ. ನಾಲಿಗೆಗೆ ಸಿಹಿ ಹತ್ತಲಿಲ್ಲ ಅಂತ ರಕ್ತದ ಸಕ್ಕರೆ ಇಳಿದಂತಲ್ಲ.

ಇಂಗ್ಲಿಷ್ ಮಾತ್ರೆ ಅಂದ್ರಲ್ಲ, ಅದರ ಮೂಲವೂ ಗಿಡವೇ! ಯುರೋಪಿನ ಗಲೇಗಾ ಗಿಡದಲ್ಲಿ ಶುಗರ್ ಇಳಿಸುವ ಗಲೇಜಿನ್ ಎಂಬ ಅಂಶ ಸಿಕ್ಕಿತು, ಆದರೆ ಅದರಲ್ಲಿ ವಿಷ ಜಾಸ್ತಿ. ಅದೇ ಬಳಗದ ಮೆಟ್‌ಫಾರ್ಮಿನ್ ಅನ್ನು ಫ್ರಾನ್ಸಿನ ಜಾನ್ ಸ್ಟರ್ನ್ 1957ರಲ್ಲಿ ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು.

ನೀವೀಗ ಎಚ್‌ಬಿಎ1ಸಿ ಮಾಡಿಸಿ. ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಅದರಲ್ಲಿ ಸಿಗುತ್ತದೆ. ಬೆವರು, ಕೈನಡುಕ ಬಂದರೆ ಶುಗರ್ ತೀರಾ ಇಳಿದಿರಬಹುದು, ತಕ್ಷಣ ನೋಡಿಕೊಳ್ಳಿ. ಡಾಕ್ಟರ ಹತ್ತಿರ ಹೋಗುವಾಗ ಪುಡಿ ಡಬ್ಬಿಯನ್ನೂ ಒಯ್ದು ತೋರಿಸಿ. ವಾಕಿಂಗ್ ಮಾತ್ರ ನಿಲ್ಲಿಸಬೇಡಿ.