ಅಂಗಡಿಯ ಹಣ್ಣಿನ ಬೀಜ ಹಾಕಿದರೆ ಕಿತ್ತಳೆ, ನಿಂಬೆ ಗಿಡ ಹಣ್ಣು ಬಿಡುತ್ತಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಅಂಗಡಿಯಿಂದ ತಂದ ಕಿತ್ತಳೆ, ನಿಂಬೆಹಣ್ಣಿನ ಬೀಜ ಹುಟ್ಟುತ್ತದಾ? ಹುಟ್ಟಿದರೆ ಅದೇ ಥರದ ಹಣ್ಣು ಬರುತ್ತದಾ? ಜೊತೆಗೆ "ಬೀಜದ ಗಿಡ ಗೊಡ್ಡು, ಸುಮ್ನೆ ಕಸಿ ಗಿಡ ತಗೊಳ್ಳಿ" ಅಂತ ಯಾರೋ ಹೇಳಿದರು ಅಂತಲೂ ಬರೆದಿದ್ದೀರಿ.

ಬೀಜ ಹುಟ್ಟುತ್ತದೆ. ಬಹಳಷ್ಟು ಸಲ ಅದೇ ಹಣ್ಣೇ ಬರುತ್ತದೆ. ಗೊಡ್ಡಂತೂ ಅಲ್ಲ. ಆದರೆ ಕಾಯಬೇಕು, ಅದೂ ವರ್ಷಗಟ್ಟಲೆ. ನನ್ನ ಮೂಸಂಬಿ ಗಿಡ ಮೊದಲ ಹೂ ಬಿಟ್ಟಿದ್ದು ಹನ್ನೊಂದನೇ ವರ್ಷಕ್ಕೆ. ಅದರಲ್ಲಿ ಕೆಲವು ವರ್ಷ ಹಾಳಾಗಿದ್ದು ನನ್ನ ಕೈಯಾರೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬೀಜದ ವಿಷಯ. ಈ ಜಾತಿಯ ಬೀಜಗಳನ್ನು ಒಣಗಿಸಿ ಡಬ್ಬಿಯಲ್ಲಿ ಇಡಬಾರದು. ಒಣಗಿದಷ್ಟೂ ಹುಟ್ಟುವ ಶಕ್ತಿ ಕಳೆದುಕೊಳ್ಳುತ್ತವೆ. ಹಣ್ಣು ತಿಂದ ದಿನವೇ ಕೆಲಸ ಶುರು ಮಾಡಿ. ದಪ್ಪಗೆ ತುಂಬಿಕೊಂಡಿರುವ ಬೀಜಗಳನ್ನು ಆರಿಸಿ, ಮೇಲಿನ ಲೋಳೆ ಹೋಗುವ ತನಕ ತೊಳೆಯಿರಿ. ಚಪ್ಪಟೆ ಬೀಜ ಬಿಸಾಡಿ, ಅದರೊಳಗೆ ಏನೂ ಇರುವುದಿಲ್ಲ.

ಇನ್ನು ಮುಂದಿನದು ಸ್ವಲ್ಪ ನಾಜೂಕಿನ ಕೆಲಸ. ಬೀಜದ ಚೂಪು ತುದಿಯಲ್ಲಿ ಉಗುರಿನಿಂದ ಸ್ವಲ್ಪ ಎಬ್ಬಿಸಿದರೆ ಬಿಳಿ ಸಿಪ್ಪೆ ಸುಲಿದು ಬರುತ್ತದೆ. ಅದರ ಕೆಳಗೆ ಕಂದು ಬಣ್ಣದ ತೆಳ್ಳನೆ ಪೊರೆ ಇರುತ್ತದೆ, ಅದನ್ನೂ ತೆಗೆಯಿರಿ. ಕೈಯಿಂದ ಜಾರುತ್ತಲೇ ಇರುತ್ತದೆ, ಟಿಶ್ಯೂ ಪೇಪರಿನಲ್ಲಿ ಹಿಡಿದುಕೊಂಡರೆ ಸುಲಭ. ಸುಲಿದ ಬೀಜಗಳನ್ನು ಒದ್ದೆ ಮಾಡಿ ಹಿಂಡಿದ ಟಿಶ್ಯೂವಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬೆಚ್ಚಗಿರುವ ಕಡೆ ಇಡಿ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದೆರಡು ವಾರದಲ್ಲಿ ಬಿಳಿ ಬೇರು ಹೊರಗೆ ಬರುತ್ತದೆ. ಸಿಪ್ಪೆ ಸಮೇತ ನೇರ ಮಣ್ಣಿಗೆ ಹಾಕಿದರೂ ಹುಟ್ಟುತ್ತದೆ, ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಹಿಡಿಯಬಹುದು ಅಷ್ಟೇ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಆ ಟಿಶ್ಯೂ ಒಳಗೇ ಇದೆ. ಬಿಚ್ಚಿ ನೋಡಿದಾಗ ಒಂದು ಬೀಜದಿಂದ ಎಷ್ಟು ಮೊಳಕೆ ಬಂದಿದೆ ಅಂತ ಎಣಿಸಿ. ನಾನು ಮೊದಲ ಸಲ ನೋಡಿದಾಗ ಒಂದೇ ಬೀಜದಿಂದ ಮೂರು ಬೇರು ಇಣುಕುತ್ತಿದ್ದವು. ಎರಡು ಗಟ್ಟಿಮುಟ್ಟಾಗಿದ್ದವು, ಮೂರನೆಯದು ದಾರದಷ್ಟು ಸಣ್ಣ. ಬೀಜ ಏನೋ ಕೆಟ್ಟಿದೆ ಅಂದುಕೊಂಡು ಎಸೆಯುವುದರಲ್ಲಿದ್ದೆ.

ಆಗಿದ್ದು ಇಷ್ಟು. ಸೇಬಿನ ಬೀಜದಲ್ಲಿ ಇರುವುದು ಪರಾಗಸ್ಪರ್ಶದಿಂದ ಆದ ಒಂದು ಭ್ರೂಣ. ಅಪ್ಪ ಯಾರೋ ಅಮ್ಮ ಯಾರೋ, ಮಗು ಬೇರೆಯೇ ಥರ ಇರುತ್ತದೆ. ಮೂಸಂಬಿ, ನಿಂಬೆ, ಕಿತ್ತಳೆಯ ಹೆಚ್ಚಿನ ತಳಿಗಳಲ್ಲಿ ಆ ಒಂದರ ಪಕ್ಕದಲ್ಲೇ, ತಾಯಿಯ ಅಂಗಾಂಶದಿಂದಲೇ ಇನ್ನಷ್ಟು ಭ್ರೂಣಗಳು ಬೆಳೆಯುತ್ತವೆ. ಇವಕ್ಕೆ ಅಪ್ಪ ಇಲ್ಲ, ತಾಯಿ ಮರದ ಪಡಿಯಚ್ಚು. ಬಹುಭ್ರೂಣತೆ ಅಂತ ಇದಕ್ಕೆ ಹೆಸರು. ಹಾಗಾಗಿ ಒಂದು ಬೀಜದಿಂದ ಎರಡು ಮೂರು ಸಸಿ ಬಂದರೆ ಖುಷಿಪಡಿ. ಅವುಗಳಲ್ಲಿ ಜೋರಾಗಿ ಬೆಳೆಯುವವು ಸಾಮಾನ್ಯವಾಗಿ ತಾಯಿಯ ನಕಲು. ಬಡಕಲಾಗಿ ಉಳಿಯುವುದು ಹೆಚ್ಚಾಗಿ ಬೆರಕೆ. ಎಲ್ಲವನ್ನೂ ಬೆಳೆಸುವಷ್ಟು ಜಾಗ ಇಲ್ಲದಿದ್ದರೆ ಗಟ್ಟಿಯಾದದ್ದನ್ನು ಇಟ್ಟುಕೊಳ್ಳಿ.

ಚಕ್ಕೋತ, ಮಾದಲ, ಕ್ಲೆಮಂಟೈನ್ ಅನ್ನುವ ಸಣ್ಣ ಕಿತ್ತಳೆ, ಇವು ಮಾತ್ರ ಬೇರೆ ಲೆಕ್ಕ. ಇವುಗಳ ಬೀಜದಲ್ಲಿ ಇರುವುದು ಒಂದೇ ಭ್ರೂಣ, ಅದು ಬೆರಕೆ. ಚಕ್ಕೋತದ ಬೀಜ ಹಾಕಿದರೆ ಬರುವ ಹಣ್ಣು ಸಿಹಿಯೋ ಕಹಿಯೋ, ಮರವೇ ಹೇಳಬೇಕು. ಹಾಗೆ ನೋಡಿದರೆ ಮೂಸಂಬಿಯೇ ಹಿಂದೆಂದೋ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ್ದು. ಬೆರಕೆ ಅಂದ ಕೂಡಲೇ ಕೆಟ್ಟದ್ದು ಅಂದುಕೊಳ್ಳಬೇಕಿಲ್ಲ ಅಲ್ವಾ.

ಬೀಜವೇ ಇಲ್ಲದ ಹಣ್ಣು ತಂದಿದ್ದರೆ ಆ ದಾರಿ ಮುಚ್ಚಿತು. ಹೊಕ್ಕುಳಿನಂಥ ಗುರುತು ಇರುವ ನೇವಲ್ ಕಿತ್ತಳೆ ಗೊತ್ತಲ್ಲ, ಅದರ ಗಿಡಗಳೆಲ್ಲ ಕಸಿಯಿಂದಲೇ ಬಂದವು. ಮೂಲ ಬ್ರೆಜಿಲ್‌ನ ಬಾಹಿಯಾ. 1870ರಲ್ಲಿ ಅಲ್ಲಿಂದ ಅಮೆರಿಕಕ್ಕೆ ಗಿಡಗಳು ಹೋದವು. ಎಲೈಜಾ ಟಿಬೆಟ್ಸ್ ಎನ್ನುವ ಹೆಂಗಸು 1873ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೆಳೆಸಲು ಶುರು ಮಾಡಿದ ಗಿಡಗಳಲ್ಲಿ ಒಂದು ಇನ್ನೂ ಅದೇ ಊರಿನಲ್ಲಿ ಮರವಾಗಿ ನಿಂತಿದೆ.

ಸಸಿ ಬೆಳೆಸುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಮೊಳಕೆಯನ್ನು ಒಂದು ಸೆಂಟಿಮೀಟರ್ ಆಳದಲ್ಲಿ, ಬೇರು ಕೆಳಗಾಗಿ ಇಡಿ. ಕುಂಡದ ತಳದಲ್ಲಿ ತೂತು ಇರಬೇಕು, ಮಣ್ಣಿನಿಂದ ನೀರು ಬೇಗ ಬಸಿದು ಹೋಗಬೇಕು. ನಾನು ಕೊಂದ ಸಸಿಗಳಲ್ಲಿ ಮುಕ್ಕಾಲು ಪಾಲು ಸತ್ತಿದ್ದು ಜಾಸ್ತಿ ನೀರಿನಿಂದ. ಬುಡ ಕಪ್ಪಾಗಿ, ಮೆತ್ತಗಾಗಿ, ರಾತ್ರಿ ಕಳೆಯುವುದರಲ್ಲಿ ಮಲಗಿಬಿಡುತ್ತವೆ. ಬೆರಳನ್ನು ಮಣ್ಣಿಗೆ ಒಂದು ಗೆಣ್ಣಿನಷ್ಟು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ನಾಲ್ಕೈದು ಎಲೆ ಬಂದ ಮೇಲೆ ಚೆನ್ನಾಗಿ ಬಿಸಿಲು ಬೇಕು. ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ.

ಒಂದು ದಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಾಣಿಸುತ್ತದೆ. ಅದು ಹಿಕ್ಕೆ ಅಲ್ಲ, ನಿಂಬೆ ಚಿಟ್ಟೆಯ ಮರಿಹುಳ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬೊಂದು ಹೊರಗೆ ಬಂದು ಗಬ್ಬು ನಾರುತ್ತದೆ. ಸಣ್ಣ ಸಸಿಯನ್ನು ಎರಡೇ ದಿನದಲ್ಲಿ ಬೋಳು ಮಾಡಬಲ್ಲದು. ಔಷಧಿ ಬೇಡ, ಕೈಯಲ್ಲಿ ಹೆಕ್ಕಿದರೆ ಸಾಕು. ನಾನು ಒಂದು ಬೆರಕೆ ಸಸಿಯನ್ನು ಅವಕ್ಕೇ ಅಂತ ಬಿಟ್ಟಿದ್ದೇನೆ, ಹುಳಗಳನ್ನೆಲ್ಲ ಅದರ ಮೇಲೆ ಬಿಡುತ್ತೇನೆ.

ಕಸಿ ಗಿಡ ತಗೊಳ್ಳಿ ಅಂದವರು ಪೂರ್ತಿ ತಪ್ಪು ಹೇಳಿಲ್ಲ. ಕಸಿ ಗಿಡಕ್ಕೆ ಕಟ್ಟಿದ ಕಡ್ಡಿ ಆಗಲೇ ವಯಸ್ಸಿಗೆ ಬಂದ ಮರದ್ದು. ಅದಕ್ಕೇ ಎರಡು ಮೂರು ವರ್ಷದಲ್ಲಿ ಹಣ್ಣು ಬಿಡುತ್ತದೆ. ಕೆಳಗಿನ ಬೇರು, ಬುಡ ಕೊಳೆಯುವ ರೋಗ ತಡೆಯುವ ಬೇರೆ ತಳಿಯದ್ದು. ಬೀಜದ ಗಿಡಕ್ಕೆ ಈ ಎರಡೂ ಇಲ್ಲ. ತಾಯಿಯ ನಕಲೇ ಆದರೂ ಅದು ಮಗುವಾಗಿ ಹುಟ್ಟಿ ದೊಡ್ಡದಾಗಬೇಕು. ಆ ಬಾಲ್ಯದ ಗುರುತು ಮುಳ್ಳು. ಎಲೆ ಬುಡದಲ್ಲೆಲ್ಲ ಉದ್ದುದ್ದ ಮುಳ್ಳು, ಕೈ ಹಾಕಿದರೆ ರಕ್ತ. ಸಣ್ಣ ನಿಂಬೆಗೆ ಮೂರರಿಂದ ಆರು ವರ್ಷ ಸಾಕಾಗಬಹುದು. ಕಿತ್ತಳೆ, ಮೂಸಂಬಿಗೆ ಏಳರಿಂದ ಹತ್ತು ವರ್ಷ ಅಂತ ಇಟ್ಟುಕೊಳ್ಳಿ. ಚಿಕ್ಕ ಕುಂಡದಲ್ಲಿ ಬೆಳೆಸಿದರೆ ಇನ್ನೂ ತಡ.

ಇಲ್ಲಿಗೆ ನನ್ನ ತಪ್ಪು ಬರುತ್ತದೆ. ಗಿಡ ಪೊದೆಯಾಗಿ ಚೆಂದ ಕಾಣಲಿ ಅಂತ ನಾನು ಪ್ರತಿ ವರ್ಷ ತುದಿ ಕತ್ತರಿಸುತ್ತಿದ್ದೆ. ಈ ಮರಗಳು ಬಾಲ್ಯ ದಾಟುವುದು ಬರೀ ವರ್ಷದ ಲೆಕ್ಕದಲ್ಲಲ್ಲ. ಬೇರಿನಿಂದ ತುದಿಯವರೆಗೆ ಇಷ್ಟು ಗೆಣ್ಣು ಅಂತ ಬೆಳೆದ ಮೇಲೆ ಆ ತುದಿಗಳು ಮೊದಲು ಪ್ರಾಯಕ್ಕೆ ಬರುತ್ತವೆ. ಹೂ ಬರುವುದೂ ಅಲ್ಲೇ. ತುದಿ ಕತ್ತರಿಸಿದಾಗೆಲ್ಲ ನಾನು ಗಿಡವನ್ನು ವಾಪಸ್ ಬಾಲ್ಯಕ್ಕೆ ತಳ್ಳುತ್ತಿದ್ದೆ. ಐದು ವರ್ಷ ಹೀಗೇ ಮಾಡಿದೆ. ಒಬ್ಬರು ತೋಟಗಾರರು ನೋಡಿ ನಕ್ಕು, ಕತ್ತರಿ ಕೆಳಗಿಡಿ ಅಂದರು. ಇಟ್ಟೆ. ದೊಡ್ಡ ಡ್ರಮ್ಮಿಗೆ ಗಿಡ ಬದಲಾಯಿಸಿದೆ. ಉದ್ದಕ್ಕೆ, ಸೊಟ್ಟಗೆ ಬೆಳೆಯಿತು, ನೋಡೋಕೆ ಏನೂ ಚೆಂದ ಇರಲಿಲ್ಲ. ಮೇಲಿನ ಕೊಂಬೆಗಳಲ್ಲಿ ಮುಳ್ಳು ಸಣ್ಣದಾಗುತ್ತಾ ಬಂತು. ಹನ್ನೊಂದನೇ ವರ್ಷ, ನನ್ನ ಕೈಗೆ ಎಟುಕದ ತುದಿಯಲ್ಲಿ ಮೊಗ್ಗು ಕಂಡಿತು.

ಹೂ ನೂರಾರು ಬಂತು, ಕಾಯಿ ಕಟ್ಟಿದ್ದು ಇಪ್ಪತ್ತೋ ಏನೋ, ಹಣ್ಣಾಗಿದ್ದು ನಾಲ್ಕು. ಸಿಪ್ಪೆ ಬೆರಳು ದಪ್ಪ, ರಸ ಕಡಿಮೆ. ಮೊದಲ ಫಸಲು ಹಾಗೇ ಇರುತ್ತದಂತೆ, ಎರಡನೇ ವರ್ಷದ ಹಣ್ಣಿನ ಸಿಪ್ಪೆ ನಿಜವಾಗಿಯೂ ತೆಳ್ಳಗಾಗಿತ್ತು. ರುಚಿ ಮಾತ್ರ ಮೊದಲ ಸಲವೇ ಅಂದು ತಿಂದ ಮೂಸಂಬಿಯದ್ದೇ.

ನಿಮ್ಮ ಬೀಜಗಳನ್ನು ಸುಲಿದು ಇಟ್ಟ ಮೇಲೆ ಒಂದೊಂದರಲ್ಲಿ ಎಷ್ಟು ಮೊಳಕೆ ಬಂತು ಅಂತ ಹೇಳಿ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಆಗ ನೋಡೋಣ.